ಷೋಕೇಸಿನ ಗಾಜಿಗೆ ಕಪ್ಪು ಹಾಳೆ

ಸ್ಟೇಷನ್ ರಸ್ತೆಯ ಸ್ಟುಡಿಯೋದವರು ಷೋಕೇಸಿನ ಗಾಜಿಗೆ ಕಪ್ಪು ಹಾಳೆ ಅಂಟಿಸಿದ್ದಾರೆ ಎಂಬ ಸುದ್ದಿಯನ್ನು ಮನೆಗೆ ತಂದವರು ನಮ್ಮ ಅತ್ತಿಗೆ. ಟ್ಯಾಕ್ಸಿಗಳ ಕಿಟಕಿಗೆ ಹಾಕುತ್ತಾರಲ್ಲ, ಅಂಥದ್ದಂತೆ. ಫೋಟೋ ತೋರಿಸಲೆಂದೇ ಮಾಡಿಸಿದ ಷೋಕೇಸನ್ನು ಯಾರಾದರೂ ಕಪ್ಪು ಮಾಡುತ್ತಾರೆಯೇ ಎಂದು ತಿಪಟೂರಿನ ಅರ್ಧ ಜನ ನಗುತ್ತಿದ್ದರಂತೆ.

ನನಗೆ ನಗು ಬರಲಿಲ್ಲ. ಆ ಷೋಕೇಸಿನ ಮೇಲಿನ ಸಾಲಿನಲ್ಲಿ ನನ್ನ ಫೋಟೋ ಇತ್ತು.

ಬಿ.ಎ. ಮುಗಿಸಿದ ವರ್ಷ, ಗಂಡಿನ ಮನೆಗಳಿಗೆ ಕಳಿಸಲೆಂದು ಅಣ್ಣ ತೆಗೆಸಿದ ಫೋಟೋ. ಕಪ್ಪು ಬಿಳುಪಿನದು. ಸೀರೆಗೂ ಮುಡಿದ ಕನಕಾಂಬರಕ್ಕೂ ಸ್ಟುಡಿಯೋದ ಚಿಕ್ಕರಂಗಯ್ಯನವರೇ ಕೈಯಲ್ಲಿ ಬಣ್ಣ ಹಚ್ಚಿದ್ದರು. ಚೆನ್ನಾಗಿ ಬಂದಿದೆ, ಸ್ಯಾಂಪಲ್ಲಿಗೆ ಒಂದು ಇಟ್ಟುಕೊಳ್ಳಲೇ ಎಂದು ಅವರು ಕೇಳಿದಾಗ ಅಣ್ಣ ಹೆಮ್ಮೆಯಿಂದಲೇ ಒಪ್ಪಿದ್ದ. ಆಮೇಲೆ ಅದರ ಪ್ರತಿಗಳು ಅರಸೀಕೆರೆಗೆ, ತುರುವೇಕೆರೆಗೆ, ಚಿಕ್ಕನಾಯಕನಹಳ್ಳಿಗೆ ಹೋದವು, ಬಂದವು. ಕೆಲವು ಬರಲೂ ಇಲ್ಲ. ಎಂಬತ್ತಾರರ ಬೇಸಿಗೆಯ ಹೊತ್ತಿಗೆ ಅಣ್ಣ ಪ್ರತಿ ಹಾಕಿಸುವುದನ್ನು ಬಿಟ್ಟು ವರ್ಷಗಳಾಗಿದ್ದವು.

ನಾನು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಪಾಠ ಹೇಳುತ್ತಿದ್ದೆ. ಸಂಜೆ ಬಂದು ಮಹಡಿಯ ಕೋಣೆ ಸೇರಿದರೆ ಗೋಡೆಯಾಚೆ ಕೊಬ್ಬರಿಗೆಂದು ತೆಂಗಿನಕಾಯಿ ಒಣಗುವ ಅಟ್ಟ. ಇಲಿ ಓಡಿದರೆ ಒಂದೆರಡು ಕಾಯಿ ಉರುಳುತ್ತಿದ್ದವು. ಆ ಸದ್ದಿಗೂ ನಾನು ಪುಸ್ತಕದಿಂದ ತಲೆ ಎತ್ತಿ, ಯಾರೋ ಬಂದರೇನೋ ಎಂದು ಕಾಯುತ್ತಿದ್ದೆ.

ಆ ಬೇಸಿಗೆ ಮಾಯಸಂದ್ರದಿಂದ ಒಂದು ಸಂಬಂಧ ಬಂತು. ಹೆಂಡತಿ ತೀರಿಕೊಂಡವರು, ತೋಟವಂತರು. ಅವರ ಕಡೆಯವರು ಎಲ್ಲಕ್ಕೂ ಒಪ್ಪಿ, ಬೀದಿಯಲ್ಲಿ ಇಷ್ಟು ವರ್ಷ ನೇತು ಹಾಕಿರುವ ಫೋಟೋವನ್ನು ಮೊದಲು ಇಳಿಸಿ ಎಂದರಂತೆ. ಅಣ್ಣ ಶಂಭುಲಿಂಗಯ್ಯನಿಗೆ ಕೊಬ್ಬರಿ ಮಂಡಿಯಲ್ಲಿ ದೊಡ್ಡ ಗಂಟಲು. ಆದರೆ ಇದನ್ನು ಕೇಳಲು ಹೋಗಲು ಅವನಿಗೆ ನಾಚಿಕೆ. ನೀನೇ ಹೋಗಿ ಇಸಕೊಂಡು ಬಾ ಎಂದ.

ಶನಿವಾರ ಬೆಳಗಿನ ಶಾಲೆ ಮುಗಿಸಿ ಹೋದೆ. ಪಡುವಣಕ್ಕೆ ಮುಖ ಮಾಡಿದ ಅಂಗಡಿ. ಗಾಜಿನಲ್ಲಿ ಮೊದಲು ಕಂಡದ್ದು ಕೊಡೆ ಹಿಡಿದ ನಾನು. ಮುಖ ಹತ್ತಿರ ತಂದಾಗ, ಒಳಗಿನ ನಸುಗತ್ತಲಲ್ಲಿ ಆ ಹುಡುಗಿ. ಊರಿಗೆ ಬೇಡವಾದವಳನ್ನು ಇವರೂ ಮುಚ್ಚಿಟ್ಟರು ಅನ್ನಿಸಿತು.

ಚಿಕ್ಕರಂಗಯ್ಯನವರು ಹೊರಗೆ ಬಂದರು. ನಲವತ್ತರ ಆಸುಪಾಸು, ಕಿವಿಯ ಬಳಿ ನರೆ. ಕ್ಯಾಮರಾದ ಹಿಂದೆ ನಿಂತಾಗ ಬಿಟ್ಟರೆ ಯಾರನ್ನೂ ನೆಟ್ಟಗೆ ನೋಡದ ಮನುಷ್ಯ. ಫೋಟೋ ಇಸಕೊಂಡು ಹೋಗಲು ಬಂದೆ ಎಂದಾಗ ನನಗೆ ಸ್ಟೂಲು ಹಾಕಿದರು, ಟೇಬಲ್ ಫ್ಯಾನನ್ನು ನನ್ನ ಕಡೆ ತಿರುಗಿಸಿ ತಾವು ಬೆವರುತ್ತಾ ನಿಂತರು.

"ನನ್ನ ಮುಖಕ್ಕೆ ಯಾಕೆ ಕಪ್ಪು ಹಾಕಿದ್ರಿ?" ಎಂದೆ.

"ಮುಖಕ್ಕಲ್ಲ ಟೀಚರ್, ಬಿಸ್ಲಿಗೆ."

ಮಧ್ಯಾಹ್ನದ ಮೇಲೆ ಬಿಸಿಲು ನೇರ ಬಡಿದು ಕೈಬಣ್ಣವೆಲ್ಲ ಹಾರಿಹೋಗುತ್ತದೆ ಎಂದರು. ಬೆಂಗಳೂರಿನಿಂದ ಕಾರಿನ ಸೀಟು ಹೊಲಿಯುವವರೊಬ್ಬರ ಕೈಲಿ ಸನ್ ಫಿಲ್ಮ್ ತರಿಸಿದ್ದರು. ಗಾಜನ್ನು ತೊಳೆದು, ಸೋಪಿನ ನೀರು ಚಿಮುಕಿಸಿ, ಒಳಮೈಗೆ ಹಾಳೆ ಹಾಸಿ, ರಬ್ಬರ್ ಪಟ್ಟಿಯಿಂದ ನಡುವಿನಿಂದ ಅಂಚಿಗೆ ನೀರನ್ನು ಒತ್ತಿ ತೆಗೆದಿದ್ದರು. ಆದರೂ ಅಲ್ಲಲ್ಲಿ ಸಣ್ಣ ಗುಳ್ಳೆಗಳು ಉಳಿದಿದ್ದವು. ಪಿನ್ನಿನಿಂದ ಚುಚ್ಚಿಬಿಟ್ಟರಾಯಿತಲ್ಲ ಎಂದೆ.

ಅವರು ಬೆಚ್ಚಿದರು. ಚುಚ್ಚಿದರೆ ಕಲೆ ಹೋಗುವುದೇ ಇಲ್ಲ, ಸುಮ್ಮನೆ ಬಿಟ್ಟರೆ ಒಳಗಿನ ನೀರು ತಾನಾಗಿ ಆರುತ್ತದೆ, ಒಂದು ತಿಂಗಳಾಗಬಹುದು ಎಂದರು.

"ಉಂಡೆ ಕೊಬ್ಬರಿ ಮನೆಯವಳಿಗೆ ಇದನ್ನ ಹೇಳ್ಬೇಕಾ?" ಎಂದೆ. "ಕಾಯೊಳಗಿನ ನೀರು ಇಂಗಲಿ ಅಂತ ನಾವು ಅಟ್ಟ ಮುಟ್ಟದೆ ವರ್ಷ ಪೂರ್ತಿ ಕೂತಿರ್ತೀವಿ."

ಅವರು ನಕ್ಕರು. ಅವರ ನಗುವನ್ನು ನಾನು ಅದೇ ಮೊದಲು ನೋಡಿದ್ದು. ಬೇಗ ಬಂದು ಬೇಗ ಅಡಗಿಕೊಳ್ಳುವ ನಗು. "ಹಂಗಾದ್ರೆ ಒಂದು ವಾರ ನಿಮಗೇನು ಕಷ್ಟ ಆಗಲ್ಲ ಬುಡಿ. ಈಗ ಗಾಜು ಸರಿಸಿದ್ರೆ ಹಸಿ ಅಂಚು ಎದ್ದು ಬತ್ತದೆ. ಮುಂದಿನ ಶನಿವಾರ ತೆಗೆದು ಕೊಡ್ತೀನಿ."

ಮಾಯಸಂದ್ರದ ವಿಷಯವನ್ನೂ ಹೇಳಿದೆ. ಒಳ್ಳೆಯದಾಯಿತು ಎಂದರು. ಫ್ಯಾನು ಸರಿಯಾಗಿಯೇ ಇತ್ತು, ಆದರೂ ಬಗ್ಗಿ ಅದನ್ನು ಮತ್ತೊಮ್ಮೆ ಸರಿ ಮಾಡಿದರು.

ಆ ವಾರವೆಲ್ಲ ಶಾಲೆಯಿಂದ ಸ್ಟೇಷನ್ ರಸ್ತೆಯ ಸುತ್ತುದಾರಿ ಹಿಡಿದೆ. ಒಂದು ಸಂಜೆ, ಆ ಸಾಲಿನ ಅಂಗಡಿಗಳ ಕಸ ಗುಡಿಸುವ ಕೊಲ್ಲಾಪುರಮ್ಮ ಷೋಕೇಸನ್ನು ಒರೆಸುತ್ತಿದ್ದಳು. ಬೂದಿ, ತೆಂಗಿನ ನಾರು ಇಲ್ಲದೆ ಏನನ್ನೂ ತೊಳೆಯದವಳು. ಹಾಳೆ ಒಳಮೈಗಿದೆ, ಹೊರಗಿನ ಗಾಜನ್ನು ಹೇಗೆ ಉಜ್ಜಿದರೂ ಏನಾಗದು ಎಂದು ಚಿಕ್ಕರಂಗಯ್ಯನವರು ಹೇಳಿದ್ದರೂ, ತನ್ನದೇ ಹಳೆಯ ಸೀರೆಯ ಮೆತ್ತನೆಯ ತುಂಡು ತಂದಿದ್ದಳು.

"ಆವಯ್ಯ ಈ ಗಾಜ ಕಾಯೋದು ನೋಡಿದ್ರೆ ಒಳಗೆ ಚಿನ್ನ ಮಡಗವ್ನೇನೋ ಅನ್ನಿಸ್ತದೆ ಕಣವ್ವ," ಎಂದಳು. ಆಮೇಲೆ ಗಾಜನ್ನೂ ನನ್ನನ್ನೂ ನೋಡಿ, ಬಗ್ಗಿ ಮತ್ತೆ ಒರೆಸತೊಡಗಿದಳು.

ಶನಿವಾರ ಬಂತು. ಅವರು ಗಾಜನ್ನು ಬೆರಳ ತುದಿಯಿಂದ ಸರಿಸಿ ಫೋಟೋ ತೆಗೆದು ಕೈಗಿಟ್ಟರು. ಬೆಳಕಿಗೆ ಹಿಡಿದೆ. ಫೋಟೋ ತೆಗೆಸಿದ ದಿನ ನಾನು ಉಟ್ಟಿದ್ದು ಎಲೆಹಸಿರು. ಫೋಟೋದ ಸೀರೆ ನವಿಲಿನ ಕತ್ತಿನ ಬಣ್ಣಕ್ಕೆ ತಿರುಗಿತ್ತು. ಆದರೆ ಮಾಸಿರಲಿಲ್ಲ. ಅದರ ಪಕ್ಕದ ಫೋಟೋಗಳ ಮದುಮಕ್ಕಳೆಲ್ಲ ಸುಣ್ಣದಂತೆ ಬಿಳಿಚಿಕೊಂಡಿದ್ದರು.

ಇದೇನು ಎಂದು ಕೇಳಿದೆ.

"ವರ್ಷಾ ವರ್ಷಾ ತೆಗೆದು ಹಚ್ತಿದ್ದೆ," ಎಂದರು, ನೆಲ ನೋಡುತ್ತಾ. "ಹಚ್ಚಿ ಹಚ್ಚಿ ಬಣ್ಣನೇ ಬೇರೆ ಆಗೋಯ್ತು. ಮೊದ್ಲು ಹೆಂಗಿತ್ತು ಅಂತ ನನಗೇ ಮರೀತಾ ಬಂತು. ಅದಕ್ಕೆ ಹೆದರ್ಕೊಂಡು ಈ ಫಿಲ್ಮ್ ತರಿಸ್ದೆ."

ಫೋಟೋಗಳು ಸರಿಯಾಗಿ ಕಾಣದೆ ಹೊಸ ಗಿರಾಕಿಗಳು ಮುಂದಿನ ಸ್ಟುಡಿಯೋಗೆ ಹೋಗುತ್ತಿದ್ದಾರಂತಲ್ಲ ಎಂದೆ. ಹೋಗಲಿ ಎಂದರು.

"ಬಿಸ್ಲಿಗೆ ಅಷ್ಟು ಹೆದರೋರು ಇದನ್ನ ಒಳಗೇ ಇಟ್ಕೋಬೋದಿತ್ತಲ್ಲ?"

ಕೈಯಲ್ಲಿದ್ದ ಬಟ್ಟೆಯನ್ನು ಮಡಿಸಿದರು, ಬಿಚ್ಚಿದರು, ಮತ್ತೆ ಮಡಿಸಿದರು.

"ಬೀದಿಲಿದ್ರೆ ಸ್ಟುಡಿಯೋ ಸ್ಯಾಂಪಲ್ಲು, ಟೀಚರ್. ಯಾರೂ ಏನೂ ಅನ್ನಲ್ಲ. ಒಂಟಿ ಗಂಡಸು, ಇನ್ನೊಂದು ಜನದ ಹೆಣ್ಣುಮಗಳ ಫೋಟೋನ ಒಳಗೆ ಗೋಡೆಗೆ ಹಾಕ್ಕೊಂಡ್ರೆ ಅದಕ್ಕೆ ಊರು ಬೇರೆ ಹೆಸರಿಡ್ತದೆ. ನಿಮ್ಮ ಹೆಸರು ಕೆಡಬಾರ್ದಿತ್ತು."

ಫ್ಯಾನು ತಿರುಗುತ್ತಿತ್ತು. ಅವರ ಜಾತಿ ಬೇರೆ, ನಮ್ಮ ಜಾತಿ ಬೇರೆ. ಇವರು ಎಂದೂ ಬಂದು ಹೆಣ್ಣು ಕೇಳುವವರಲ್ಲ ಎಂದು ನನಗೆ ಗೊತ್ತಾಯಿತು. ನನಗೆ ಕೆಟ್ಟ ಹೆಸರು ಬರದ ಒಂದೇ ಒಂದು ಜಾಗ ಹುಡುಕಿ, ಅಲ್ಲಿ ನನ್ನನ್ನು ಇಟ್ಟು, ಇಷ್ಟು ವರ್ಷ ಬಿಸಿಲಿನ ಜೊತೆ ಒಬ್ಬರೇ ಗುದ್ದಾಡಿದ್ದರು. ಅದೇ ಹೊತ್ತಿನಲ್ಲಿ ನಾನು ಅಟ್ಟದ ಪಕ್ಕದ ಕೋಣೆಯಲ್ಲಿ ಕೂತು, ನನ್ನನ್ನು ನೆನೆಯುವವರು ಯಾರೂ ಇಲ್ಲ ಅಂದುಕೊಂಡಿದ್ದೆ.

ಅವರು ಫೋಟೋವನ್ನು ಪೇಪರಿನಲ್ಲಿ ಸುತ್ತಿ, ದಾರ ಕಟ್ಟಿ ಕೊಟ್ಟರು. ತೆಗೆದುಕೊಂಡು ಬಾಗಿಲವರೆಗೆ ಹೋದೆ. ಹೊರಗೆ ಕಣ್ಣು ಕುಕ್ಕುವ ಬಿಸಿಲು. ತಿರುಗಿ ಬಂದು, ಕಟ್ಟನ್ನು ಮೇಜಿನ ಮೇಲಿಟ್ಟು ದಾರ ಬಿಚ್ಚಿದೆ.

"ಒಳಗೆ ಗೋಡೆಲಿ ಮೊಳೆ ಇದೆಯಾ?"

ಅವರು ಒಳಗಿನ ಗೋಡೆಯ ಕಡೆ ತಿರುಗಿ ನೋಡಿದರು. "ಹೊಡೀಬೋದು," ಎಂದರು ಕಡೆಗೆ.

"ಹೊಡೀರಿ. ಯಾರಾದ್ರೂ ಕೇಳಿದ್ರೆ ಗಿರಿಜಾಂಬಿಕಾನೇ ಹೇಳಿದ್ದು ಅನ್ನಿ."

ಆಗ ಅವರು ತಲೆ ಎತ್ತಿ ನನ್ನನ್ನು ನೋಡಿದರು. ನಡುವೆ ಕ್ಯಾಮರಾ ಇರಲಿಲ್ಲ, ಗಾಜೂ ಇರಲಿಲ್ಲ. ನಾನೇ ಮೊದಲು ಕಣ್ಣು ತಗ್ಗಿಸಿದೆ.

ಅಂದು ಸಂಜೆ ಅಣ್ಣನಿಗೆ ಎಲ್ಲವನ್ನೂ ಹೇಳಿ, ಮಾಯಸಂದ್ರದವರಿಗೆ ಬೇಡ ಎಂದು ತಿಳಿಸಲು ಕೇಳಿದೆ. ಅವನು ಕೂಗಾಡಲಿಲ್ಲ. ಮಾತು ಬಿಟ್ಟ, ಅಷ್ಟೆ. ಮಂಡಿಯಿಂದ ಬಂದು ನನ್ನ ಮುಂದೆಯೇ ಹಾದು ಹೋಗುವನು. ಅತ್ತಿಗೆ ನನ್ನ ತಟ್ಟೆಯನ್ನು ಮುಚ್ಚಿ ಮಹಡಿಗೆ ತಂದಿಡುತ್ತಿದ್ದರು, ಹಪ್ಪಳ ಮೆತ್ತಗಾಗದಿರಲಿ ಎಂದು ಬೇರೆ ಬಟ್ಟಲಿನಲ್ಲಿ. ಮನೆ ತುಂಬ ಜನವಿದ್ದೂ ಆ ಬೇಸಿಗೆಯಷ್ಟು ಒಂಟಿಯಾಗಿ ನಾನು ಎಂದೂ ಇರಲಿಲ್ಲ. ಆದರೂ ಕೊರಗಲಿಲ್ಲ.

ಮೊದಲ ಮಳೆ ಬಿದ್ದ ಮೇಲೆ ಒಂದು ಭಾನುವಾರ, ಅಣ್ಣ ಜಗಲಿಯಲ್ಲಿ ಕೊಬ್ಬರಿ ಆರಿಸುತ್ತಿದ್ದ. ನಾನು ಚಪ್ಪಲಿ ಮೆಟ್ಟುವಾಗ, ತಲೆ ಎತ್ತದೆ ಕೇಳಿದ.

"ಆ ಮನುಷ್ಯನಿಗೆ ಊಟ ಎಲ್ಲಿ?"

"ಎದುರುಗಡೆ ಹೋಟ್ಲಲ್ಲಿ," ಎಂದೆ.

ಒಂದು ಉಂಡೆಯನ್ನು ಕಿವಿಯ ಬಳಿ ಅಲ್ಲಾಡಿಸಿ ನೋಡಿ ಪಕ್ಕಕ್ಕಿಟ್ಟ. ಇನ್ನೊಂದನ್ನು ತೆಗೆದುಕೊಂಡ. ಆಮೇಲೆ ನನಗಲ್ಲ, ಅಡುಗೆಮನೆಯ ಕಡೆಗೆ ಹೇಳಿದ:

"ಭಾನುವಾರ ಆ ಹೋಟ್ಲು ಬಾಗಿಲು ಹಾಕಿರ್ತದಲ್ಲೇ."

ಒಳಗೆ ಅತ್ತಿಗೆ ಅಕ್ಕಿ ಡಬ್ಬಿಯ ಮುಚ್ಚಳವನ್ನು ಇನ್ನೊಮ್ಮೆ ತೆರೆದ ಸದ್ದು ಕೇಳಿಸಿತು.