ಕೊನೆಯವಳ ನಂಬರು

"ಏನ್ರೀ, ಆಗ್ಲಿಂದ ನೋಡ್ತಿದೀನಿ... ನನ್ನ ಹಿಂದೇನೇ ಯಾಕೆ ಬರ್ತಿದೀರಾ?"

ಅವಳು ಗಕ್ಕನೆ ನಿಂತು ತಿರುಗಿದಳು. ಏದುಸಿರು, ಕೆಂಪಗಾದ ಮುಖ, ಮೂಗಿನ ತುದಿಯಲ್ಲೇ ಸಿಟ್ಟು. ಹತ್ತು ಹೆಜ್ಜೆ ಹಿಂದೆ ಸೈಕಲ್ ಮೇಲಿದ್ದವನು ಬ್ರೇಕ್ ಹಿಡಿದು ಒಂದು ಕಾಲನ್ನು ನೆಲಕ್ಕೂರಿದ.

"ಇನ್ಯಾರ ಹಿಂದೆ ಬರ್ಲಿ ಹೇಳಿ? ಎಲ್ಲರಿಗಿಂತ ಕೊನೆಯವರು ನೀವೇ!"

ಆಗ ಅವಳ ಕಣ್ಣಿಗೆ ಬಿತ್ತು, ಹ್ಯಾಂಡಲ್‌ಗೆ ಕಟ್ಟಿದ್ದ ಕಿತ್ತಳೆ ಬಣ್ಣದ ಬಾವುಟ. ಓಟದಲ್ಲಿ ಎಲ್ಲರಿಗಿಂತ ಹಿಂದಿರುವವರ ಬೆನ್ನಿಗೆ ಬರುವ ಸವಾರ ಅವನು. ದಾರಿಯಲ್ಲಿ ಯಾರೂ ಬಿದ್ದು ಉಳಿಯದಂತೆ ನೋಡಿಕೊಳ್ಳುವುದು, ಹೊತ್ತು ಮೀರಿದವರನ್ನು ವ್ಯಾನಿಗೆ ಹತ್ತಿಸುವುದು ಅವನ ಕೆಲಸ. ಕೊನೆಯಲ್ಲಿ ಎಲ್ಲರನ್ನೂ ಗುಡಿಸಿಕೊಂಡು ಬರುತ್ತಾನೆಂದು ಓಟಗಾರರೆಲ್ಲ ಅವನನ್ನು 'ಪೊರಕೆ' ಎಂದೇ ಕರೆಯುತ್ತಿದ್ದರು.

ಭೂಮಿ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು ಅವಳಿಗೆ!

"ಇನ್ನು ಮೂರೇ ಕಿಲೋಮೀಟರ್ ಇರೋದು," ಅಂದ ಅವನು ಮೆತ್ತಗೆ. "ಜಗಳ ಆಮೇಲೆ ಆಡೋಣ. ಈಗ ಓಡಿ."

ಓಡಿದಳು. ಅವಳು ಕೊನೆಯ ಗೆರೆ ಮುಟ್ಟುವಷ್ಟರಲ್ಲಿ ಗಡಿಯಾರ ಆಫ್ ಆಗಿತ್ತು, ಅಲ್ಲಿನ ಕಮಾನು ಬಿಚ್ಚುತ್ತಿದ್ದರು. ಚಪ್ಪಾಳೆ ತಟ್ಟಿದವನು ಅವನೊಬ್ಬನೇ.

ಅವಳು ಶಾಲಾ ಮಕ್ಕಳ ಯೂನಿಫಾರ್ಮ್ ಹೊಲಿಯುವ ಅಂಗಡಿಯಲ್ಲಿ ಟೈಲರ್. ಬೇಸಿಗೆ ಬಂತೆಂದರೆ ಶಾಲೆ ತೆರೆಯುವ ಮೊದಲು ರಾಶಿ ರಾಶಿ ಷರಟು, ಚಡ್ಡಿ, ಲಂಗ. ಬೆಳಗಿನಿಂದ ಸಂಜೆಯವರೆಗೆ ಬಲಗಾಲು ಮೆಷಿನ್ನಿನ ಪೆಡಲ್ ಮೇಲೆ. ಅಂಥ ಬೇಸಿಗೆಯಲ್ಲೇ ಅವಳಿಗೆ ಮ್ಯಾರಥಾನ್ ಹುಚ್ಚು ಹಿಡಿಯಬೇಕೇ!

"ಇರಲಾರದೆ ಇರುವೆ ಬಿಟ್ಕೊಂಡ ಹಾಗಾಯ್ತು," ಅಂದಳು ಅತ್ತಿಗೆ, ಅವಳ ಮೊಣಕಾಲಿಗೆ ಬಿಸಿನೀರಿನ ಚೀಲ ಒತ್ತುತ್ತಾ. "ನಲವತ್ತೆರಡು ಕಿಲೋಮೀಟರ್ ಅಂದ್ರೆ ಬಸ್ಸಲ್ಲಿ ಕೂತ್ರೂ ನನಗೆ ಸೊಂಟ ಹಿಡಿಯತ್ತೆ ಮಾರಾಯ್ತಿ."

ಅವಳು ನಕ್ಕಳು. ಆದರೆ ಒಳಗಿನ ಮಾತು ಅತ್ತಿಗೆಗೂ ಹೇಳಿರಲಿಲ್ಲ.

ಅಮ್ಮ ಹಾಸಿಗೆ ಹಿಡಿದಾಗ ಅವಳ ಡಿಗ್ರಿ ಎರಡನೇ ವರ್ಷಕ್ಕೆ ನಿಂತಿತು. ಗೊತ್ತಾಗಿದ್ದ ಮದುವೆ, ಕರೆಯೋಲೆ ಅಚ್ಚಿಗೆ ಹೋಗುವ ಹೊತ್ತಿಗೆ ಮುರಿದುಬಿತ್ತು. "ನಮ್ಮವಳದ್ದು ಎಲ್ಲಾ ಅರ್ಧಂಬರ್ಧ," ಎಂದು ಅಣ್ಣ ಯಾರಿಗೋ ಹೇಳಿದ್ದು ಅವಳ ಕಿವಿಗೆ ಬಿದ್ದಿತ್ತು. ಅಣ್ಣ ಪ್ರೀತಿಯಿಂದಲೇ ಹೇಳಿದ್ದ. ಅದಕ್ಕೇ ಹೆಚ್ಚು ನೋವಾಗಿತ್ತು.

'ಒಂದೇ ಒಂದನ್ನಾದರೂ ನಾನೇ, ನನ್ನ ಕಾಲಿನಿಂದಲೇ, ಕೊನೆಯವರೆಗೂ ಮುಗಿಸಬೇಕು...'

ಆ ಬೇಸಿಗೆಯಲ್ಲಿ ಭಾನುವಾರಕ್ಕೊಂದು ಓಟ. ಕೆರೆ ದಂಡೆಯ ಓಟ, ಸೇತುವೆಯ ಓಟ, ಆಸ್ಪತ್ರೆಯವರ ಓಟ. ಎಲ್ಲದರಲ್ಲೂ ಅವಳೇ ಕೊನೆ. ಎಲ್ಲದರಲ್ಲೂ ಹಿಂದೆ ಅದೇ ಸೈಕಲ್ಲು.

ಅವನದ್ದು ಕನ್ನಡಕದ ಅಂಗಡಿ. ಗಾಜು ಉಜ್ಜಿ ಉಜ್ಜಿ ಬೆರಳ ತುದಿ ನುಣ್ಣಗಾಗಿತ್ತು. ಮಾತು ಕಡಿಮೆ. ಆದರೆ ಏರು ಬಂದಾಗ, "ಮೇಲೆ ನೋಡ್ಬೇಡಿ, ಮುಂದಿನ ಕಂಬ ನೋಡಿ," ಅನ್ನುತ್ತಿದ್ದ. ಅವಳು ಕಂಬದಿಂದ ಕಂಬಕ್ಕೆ ಓಡುತ್ತಿದ್ದಳು.

"ನಾನು ಇಷ್ಟು ನಿಧಾನ... ನಿಮಗೆ ಬೇಜಾರಾಗಲ್ವಾ?" ಒಮ್ಮೆ ಕೇಳಿದಳು.

"ನೀವು ಬೇಗ ಓಡಿದ್ರೆ ಬೇಜಾರಾಗತ್ತೆ," ಅಂದವನೇ ತನ್ನ ಮಾತಿಗೆ ತಾನೇ ಬೆಚ್ಚಿ ಟೈರಿನ ಗಾಳಿ ನೋಡತೊಡಗಿದ.

ಅವಳ ಎದೆ ಡವಗುಟ್ಟಿತು. ಓಡಿದ್ದಕ್ಕೆ ಇರಬೇಕು ಎಂದು ಸಮಾಧಾನ ಮಾಡಿಕೊಂಡಳು, ಪಾಪ.

ಕೊನೆಗೂ ಮ್ಯಾರಥಾನ್ ದಿನ ಬಂತು.

ಅಲ್ಲಿನ ನಿಯಮ ಕಟ್ಟುನಿಟ್ಟು. ಓಟ ಶುರುವಾದ ಐದು ಗಂಟೆಯೊಳಗೆ ಮೂವತ್ತನಾಲ್ಕನೇ ಕಿಲೋಮೀಟರಿನ ಗೆರೆಯನ್ನು ದಾಟಬೇಕು. ದಾಟದವರ ಎದೆಯ ಮೇಲಿನ ನಂಬರನ್ನು ಕೊನೆಯ ಸವಾರ ಬಿಚ್ಚಿಕೊಂಡು ವ್ಯಾನಿನ ಡಬ್ಬಕ್ಕೆ ಹಾಕಬೇಕು.

ಇಪ್ಪತ್ತಾರು ಕಿಲೋಮೀಟರ್ ತನಕ ಅವಳು ಚೆನ್ನಾಗಿಯೇ ಓಡಿದಳು. ಆಮೇಲೆ ಬಲ ಮೊಣಕಾಲು ಚುಳುಕ್ಕೆಂದಿತು. ವಾರವಿಡೀ ಪೆಡಲ್ ತುಳಿದ ಕಾಲು... ಇನ್ನು ಆಗದು ಎಂದು ಹಟ ಹಿಡಿಯಿತು.

ಅವಳು ಕುಂಟಿದಳು. ಹಿಂದೆ ಸೈಕಲ್ಲಿನ ಸದ್ದು ಹತ್ತಿರವಾಯಿತು.

"ನೋವಾ?"

"ಇಲ್ಲ!"

"ಸುಳ್ಳು."

"ಹೌದು ಸುಳ್ಳು! ಏನ್ಮಾಡ್ತೀರಾ? ಕೈ ಹಿಡ್ಕೊಂಡು ನಡೆಸ್ತೀರಾ?"

ಅವನ ಕೈ ಹ್ಯಾಂಡಲ್ ಬಿಟ್ಟು ಅರ್ಧ ಮುಂದೆ ಬಂತು. ಮತ್ತೆ ಹಿಂದೆ ಹೋಯಿತು.

"ಮುಟ್ಟಿದ್ರೆ ನಿಮ್ಮ ಓಟ ಇಲ್ಲಿಗೇ ರದ್ದು ಮಾಡ್ತಾರೆ," ಅಂದ. "ನನ್ನ ಕೈಲಿ ಏನೂ ಇಲ್ಲ ರೀ..."

ಎಂಟು ಕಿಲೋಮೀಟರ್! ಅವಳು ಅಳುತ್ತಾ ಕಾಲೆಳೆದಳು. ಅವನು ಸೈಕಲ್ಲಿನಿಂದ ಇಳಿದು ಅದನ್ನು ತಳ್ಳಿಕೊಂಡು ಹಿಂದೆ ಹಿಂದೆಯೇ ನಡೆದ. ಇಬ್ಬರ ನಡುವೆ ನಾಲ್ಕೇ ಹೆಜ್ಜೆ. ಆ ನಾಲ್ಕು ಹೆಜ್ಜೆಯನ್ನು ದಾಟುವ ಹಾಗಿರಲಿಲ್ಲ.

ಗೆರೆ ಕಂಡಿತು. ಗಡಿಯಾರವೂ ಕಂಡಿತು. ಐದು ಗಂಟೆ ಎರಡು ನಿಮಿಷ.

ಅವನು ಎದುರಿಗೆ ಬಂದು ನಿಂತು ನಾಲ್ಕು ಪಿನ್ನುಗಳನ್ನು ಒಂದೊಂದಾಗಿ ಬಿಚ್ಚಿದ.

"ಕ್ಷಮಿಸಿ," ಅಂದ.

ಅವಳನ್ನು ವ್ಯಾನಿನಲ್ಲಿ ಪ್ರಥಮ ಚಿಕಿತ್ಸೆಯ ಡೇರೆಗೆ ಕರೆದೊಯ್ದರು. ಮೊಣಕಾಲಿಗೆ ಐಸ್ ಕಟ್ಟಿಸಿಕೊಂಡು ಅವಳು ಕಣ್ಣು ಮುಚ್ಚಿ ಮಲಗಿದಳು. ಒಂದು ಗಂಟೆ ಕಳೆದ ಮೇಲೆ ಫೋನ್ ಟಿಣ್ ಎಂದಿತು.

'ಅಭಿನಂದನೆಗಳು! ನೀವು ಮ್ಯಾರಥಾನ್ ಪೂರ್ಣಗೊಳಿಸಿದ್ದೀರಿ. ಸಮಯ: ಆರು ಗಂಟೆ ಇಪ್ಪತ್ತೊಂದು ನಿಮಿಷ.'

ಅವಳು ಎರಡು ಸಲ ಓದಿದಳು. ಅಷ್ಟರಲ್ಲಿ ಅಣ್ಣನ ಫೋನ್! ಓಟದ ಅರ್ಜಿಯಲ್ಲಿ ಅವನ ಫೋನ್ ನಂಬರನ್ನೂ ಬರೆದಿದ್ದಳು.

"ನನಗೂ ಮೆಸೇಜ್ ಬಂತು ಪುಟ್ಟೀ! ಮುಗಿಸಿಬಿಟ್ಯಲ್ಲೇ! ಎಲ್ಲರಿಗೂ ಹೇಳ್ಬಿಟ್ಟೆ!" ಅಣ್ಣ ಅಳುತ್ತಿದ್ದ. ಜನ್ಮದಲ್ಲಿ ಅತ್ತವನಲ್ಲ ಅವನು.

"ಮನೆಗೆ ಬಂದು ಹೇಳ್ತೀನಿ," ಅಂದು ಅವಳು ಫೋನ್ ಇಟ್ಟಳು.

ಡೇರೆಯಲ್ಲಿದ್ದ ಓಟಗಾರರು ಫಲಿತಾಂಶ ನೋಡಿ ಪಿಸುಗುಟ್ಟಿದರು. "ವ್ಯಾನಲ್ಲಿ ಬಂದವಳು ಹೇಗಮ್ಮ ಮುಗಿಸಿದ್ಲು?" "ಪೊರಕೆ ಕೃಪೆ ಇರ್ಬೇಕು!" ಯಾರೋ ಕಿಸಕ್ಕೆಂದರು.

ಅದೇ ಹೊತ್ತಿಗೆ ಅವನು ಓಡೋಡಿ ಬಂದ. ಅವಳು ಫೋನನ್ನು ಅವನ ಮುಖಕ್ಕೆ ಹಿಡಿದಳು.

ಅವನ ಮುಖ ಬಿಳಿಚಿತು. ಕೈ ತನ್ನಷ್ಟಕ್ಕೆ ಷರಟಿನ ಜೇಬಿಗೆ ಹೋಯಿತು. ಅಲ್ಲಿಂದ ಹೊರಬಂತು ಅವಳ ನಂಬರು. ಅದರ ಹಿಂದೆ, ಗೆರೆ ದಾಟಿದ ಸಮಯವನ್ನು ತಾನೇ ದಾಖಲಿಸುವ ಪುಟ್ಟ ಚಿಪ್. ಉಳಿದ ಓಟಗಾರರ ಹಿಂದೆ ಅವನು ಕೊನೆಯ ಗೆರೆ ದಾಟಿದಾಗ ಜೇಬಿನಲ್ಲಿದ್ದ ಆ ಚಿಪ್ ಕೂಡ ಗೆರೆ ದಾಟಿತ್ತು!

"ಯಾಕೆ ಹೀಗೆ ಮಾಡಿದ್ರಿ? ಅಯ್ಯೋ ಪಾಪ ಅನ್ನಿಸ್ತಾ?"

"ಇಲ್ಲ... ತಪ್ಪಾಯ್ತು..."

"ಸೋತಿದ್ದಾದ್ರೂ ನನ್ನದೇ ಆಗಿತ್ತು! ಅದನ್ನೂ ಕಿತ್ಕೊಂಡ್ರಲ್ಲ!"

ಸುತ್ತ ಇಪ್ಪತ್ತು ಜೋಡಿ ಕಣ್ಣು. ಅವನು ತಲೆ ತಗ್ಗಿಸಿ ನಿಂತ.

ಮನೆಗೆ ಹೋಗಿ ಅಣ್ಣನಿಗೆ ನಿಜ ಹೇಳುವುದು ಮೂವತ್ತನಾಲ್ಕು ಕಿಲೋಮೀಟರಿಗಿಂತ ಕಷ್ಟವಾಯಿತು. ಅಣ್ಣ ಎಲ್ಲ ಕೇಳಿ, "ಮೂವತ್ತನಾಲ್ಕೇನು ಕಮ್ಮೀನಾ?" ಅಂದ. ಅವಳಿಗೆ ಇನ್ನೂ ಅಳು ಬಂತು. ಡಾಕ್ಟರು ಒಂದು ವರ್ಷ ಓಡುವ ಮಾತೇ ಎತ್ತಬೇಡಿ ಅಂದರು.

ವಾರ ಕಳೆಯಿತು. ಫಲಿತಾಂಶದಿಂದ ತನ್ನ ಹೆಸರು ತೆಗೆಯಿರಿ ಎಂದು ಅರ್ಜಿ ಬರೆದುಕೊಂಡು ಅವಳು ಓಟಗಾರರ ಸಂಘಕ್ಕೆ ಹೋದಳು. ಕಾರ್ಯದರ್ಶಿ ಗಣಿತದ ನಿವೃತ್ತ ಮೇಷ್ಟ್ರು. ಅರ್ಜಿ ಓದಿ ಕನ್ನಡಕ ಹಣೆಗೇರಿಸಿದರು.

"ಅವತ್ತೇ ತೆಗೆದಾಯ್ತಲ್ಲಮ್ಮ. ನೋಡು, ಅವನೇ ಬರ್ಕೊಟ್ಟಿದಾನೆ."

ಅವಳು ಕಾಗದ ತೆಗೆದುಕೊಂಡಳು.

'ಅಂದು ದಾರಿಯಲ್ಲೇ ಓಟ ಬಿಟ್ಟವರೂ ಸೇರಿ ಎಂಟು ಜನರ ನಂಬರು ಬಿಚ್ಚಿದೆ. ಏಳನ್ನು ಡಬ್ಬಕ್ಕೆ ಹಾಕಿದೆ. ಎಂಟನೆಯದನ್ನು ಹಾಕಲು ಮನಸ್ಸು ಬರಲಿಲ್ಲ. ಜೇಬಿನಲ್ಲಿ ಇಟ್ಟುಕೊಂಡೆ. ಹತ್ತು ವರ್ಷ ಈ ಕೆಲಸ ಮಾಡಿದವನಿಗೆ ಅದರಲ್ಲಿ ಚಿಪ್ ಇದೆ ಎಂಬುದೇ ಆ ಹೊತ್ತಿಗೆ ನೆನಪಾಗಲಿಲ್ಲ. ತಪ್ಪು ನನ್ನದು. ಅವರಿಗೆ ಏನೂ ಗೊತ್ತಿಲ್ಲ.'

"ಒಂದು ವರ್ಷ ಓಟದ ಕಡೆ ಬರ್ಬೇಡ ಅಂತ ಅವನಿಗೆ ಹೇಳಿದೀವಿ," ಅಂದರು ಮೇಷ್ಟ್ರು. "ಮನಸ್ಸು ಯಾಕೆ ಬರ್ಲಿಲ್ಲ ಅಂತ ಕೇಳ್ದೆ, ಬಾಯಿ ಬಿಡ್ಲಿಲ್ಲ. ನಾನು ಗಣಿತದವನು, ಈ ಲೆಕ್ಕ ನನಗೆ ಬರಲ್ಲ. ನೀನೇ ಹೋಗಿ ಕೇಳು."

ಕನ್ನಡಕದ ಅಂಗಡಿಗೆ ಐದು ಮೆಟ್ಟಿಲು. ಒಂದೊಂದನ್ನೂ ಗೋಡೆ ಹಿಡಿದು ಹತ್ತಿದಳು. ಗಾಜು ಉಜ್ಜುತ್ತಿದ್ದವನು ಅವಳನ್ನು ಕಂಡು ಯಂತ್ರ ನಿಲ್ಲಿಸಿದ.

"ಕಾಲು ಹೇಗಿದೆ?"

"ಅದಿರಲಿ. ಏಳು ಡಬ್ಬಕ್ಕೆ ಹಾಕಿ ಒಂದನ್ನ ಯಾಕೆ ಇಟ್ಕೊಂಡ್ರಿ?"

ಅವನು ಕೈಯಲ್ಲಿದ್ದ ಗಾಜನ್ನು ಒರೆಸಿದ. ಮತ್ತೆ ಒರೆಸಿದ.

"ಓಟ ಮುಗೀತು ಅಂದ್ರೆ ನೀವು ಇನ್ನು ಬರಲ್ಲ ಅನ್ನಿಸ್ತು. ನಿಮ್ಮದು ಅಂತ ಏನಾದ್ರೂ ಒಂದು ನನ್ನ ಹತ್ರ ಇರ್ಲಿ ಅಂತ..." ಗಾಜನ್ನು ಕೆಳಗಿಟ್ಟ. "ಡೇರೆಯಲ್ಲಿ ಅಷ್ಟು ಜನರೆದುರು ಅದನ್ನ ಹೇಗೆ ಹೇಳ್ಲಿ? ಪಾಪ ಅನ್ನಿಸಿ ಅಲ್ಲ ರೀ. ನನ್ನ ಕೈಲಿ ಆಗ್ಲಿಲ್ಲ, ಅಷ್ಟೇ."

ಅವಳು ಸ್ಟೂಲಿನ ಮೇಲೆ ಕುಸಿದಳು. ಕಣ್ಣೀರು ತಡೆಯುವ ಗೋಜಿಗೇ ಹೋಗಲಿಲ್ಲ.

"ನನ್ನನ್ನ ನಂಬಬೇಡಿ," ಅಂದಳು. "ಓದು, ಮದುವೆ, ಓಟ... ನಾನು ಒಂದನ್ನೂ ಪೂರ್ತಿ ಮಾಡಿಲ್ಲ. ನನಗೆ ಭಯ ಆಗತ್ತೆ. ಇದನ್ನೂ ಅರ್ಧಕ್ಕೆ ಬಿಟ್ಟು ಹೋದ್ರೆ?"

ಅವನು ಬಂದು ಅವಳೆದುರು ನೆಲದ ಮೇಲೆ ಕೂತ.

"ಅರ್ಧ ಆದ್ರೂ ಸಿಕ್ಕಿದ ಹಾಗಾಯ್ತಲ್ಲ," ಅಂದ. "ಈ ವಾರ ನನ್ನ ಹತ್ರ ಅಷ್ಟೂ ಇರ್ಲಿಲ್ಲ."

ಅವಳು ಅಳುತ್ತಲೇ ನಕ್ಕಳು. ತೋಳಿನಿಂದಲೇ ಮೂಗೊರೆಸಿಕೊಂಡು ಕೇಳಿದಳು:

"ಅಣ್ಣನ ಹತ್ರ ಬಂದು ಮಾತಾಡ್ತೀರಾ?"

"ಇವತ್ತೇ ಬರ್ತೀನಿ."

"ಇವತ್ತು ಬೇಡ. ನನ್ನ ಮುಖ ನೋಡಿ ಅತ್ತಿಗೆಗೆ ಎಲ್ಲಾ ಗೊತ್ತಾಗಿಬಿಡತ್ತೆ."

"ಗೊತ್ತಾಗ್ಲಿ ಬಿಡಿ," ಅಂದ ಅವನು. "ನನಗೆ ಹೇಳೋ ಕೆಲಸ ತಪ್ಪತ್ತೆ."