ಎಡಗಾಲಿನ ಸದ್ದು

ಜರ್ಮನಿಯ ಅಬ್‌ಸ್ಟಾಟ್‌ನಲ್ಲಿ ನಮ್ಮ ಕೆಳಗಿನ ಮನೆಯ ಫ್ರೌ ವೀಲಾಂಡ್ ಪ್ರತಿ ಭಾನುವಾರ ಮಧ್ಯಾಹ್ನ ಬಂದು ಬಾಗಿಲು ತಟ್ಟುತ್ತಿದ್ದರು. "ಇವತ್ತು ರೂಹೆತ್ಸೈಟ್, ಸದ್ದು ಮಾಡುವ ಹಾಗಿಲ್ಲ. ಕಬ್ಬಿಣದ ಬೂಟು ಎಳೆದುಕೊಂಡು ಓಡಾಡಬೇಡಿ!"

ನಾವು ಮನೆಯೊಳಗೆ ಚಪ್ಪಲಿಯನ್ನೇ ಹಾಕುವುದಿಲ್ಲ ಎಂದು ಬರಿಗಾಲು ತೋರಿಸಿ ತೋರಿಸಿ ನನಗೆ ಸಾಕಾಗಿತ್ತು. ಸಾಲದ್ದಕ್ಕೆ ಆ ಹೊತ್ತಿಗೆ ಸುಟ್ಟ ಹರಳೆಣ್ಣೆಯ ವಾಸನೆ ಎಂಬ ದೂರು ಬೇರೆ. ಅದು ನಮಗೂ ಬರುತ್ತಿತ್ತು. ಮನೆಯಲ್ಲಿ ಹರಳೆಣ್ಣೆಯ ಹನಿಯೂ ಇರಲಿಲ್ಲ.

ಮಾಲೀಕರನ್ನು ಕೇಳಿದೆ. ಹಿಂದೆ ಇದ್ದವನು ಇಂಗ್ಲೆಂಡಿನ ಸ್ಪೀಡ್‌ವೇ ರೇಸರ್ ಅಂತೆ. ಹರೆಯದಲ್ಲಿ ಜರ್ಮನ್ ಕ್ಲಬ್ಬೊಂದಕ್ಕೆ ಬೈಕ್ ಓಡಿಸಲು ಬಂದು, ಇಲ್ಲೇ ಮುದುಕನಾಗಿ, ಈ ಮನೆಯಲ್ಲೇ ತೀರಿಕೊಂಡನಂತೆ.

"ಆ ಬೈಕಿಗೆ ಬ್ರೇಕೇ ಇಲ್ಲ, ಇಂಜಿನ್‌ಗೆ ಹರಳೆಣ್ಣೆ. ಎಡಗಾಲಿನ ಬೂಟಿಗೆ ಕಬ್ಬಿಣದ ತಳ ಕಟ್ಟಿ, ನೆಲಕ್ಕೆ ಉಜ್ಜುತ್ತಾ ಎಡಕ್ಕೇ ತಿರುಗಬೇಕು," ಎಂದರು.

ಕಾರಿನ ಬ್ರೇಕ್ ಟೆಸ್ಟ್ ಮಾಡುವ ಎಂಜಿನಿಯರ್ ನಾನು. ಇಂಥದ್ದನ್ನೆಲ್ಲ ನಂಬುವಷ್ಟು ತಲೆ ಕೆಟ್ಟಿರಲಿಲ್ಲ.

ಮುಂದಿನ ಭಾನುವಾರ ಮತ್ತೆ ಬಾಗಿಲು ಬಡಿದ ಸದ್ದು. ಗಂಡ ಯಶವಂತನಿಗೆ ರೇಗಿತು. "ಗಗನಾ, ಅವರನ್ನೇ ಒಳಗೆ ಕೂರಿಸ್ಬಿಡು. ಪ್ರೂಫ್ ಸಿಗುತ್ತೆ."

"ಶೂ ಹೊರಗೆ ಬಿಟ್ಟು ಬನ್ನಿ," ಎಂದೆ ಬಿರುಸಾಗಿ. ಗೊಣಗುತ್ತಲೇ ಬಿಚ್ಚಿ ಬಂದರು. ಮೂವರೂ ಸೋಫಾದ ಮೇಲೆ ಕಾಲು ಮಡಚಿ ಕೂತೆವು.

ಕಬ್ಬಿಣ ಉಜ್ಜುವ ಸದ್ದು ಶುರುವಾಯಿತು. ಅದು ಬಾಗಿಲಿನ ಆಚೆಯಿಂದ ಬರುತ್ತಿತ್ತು. ಫ್ರೌ ವೀಲಾಂಡ್ ನನ್ನ ಕೈ ಹಿಡಿದುಕೊಂಡರು.

ಸದ್ದು ನಿಂತ ಮೇಲೆ ಬಾಗಿಲು ತೆರೆದೆವು. ಅವರ ಶೂಗಳು ಬಿಟ್ಟಲ್ಲೇ ಜೋಡಿಯಾಗಿ ಇದ್ದವು. ಬಲಗಾಲಿನದು ಹೇಗಿತ್ತೋ ಹಾಗೇ ಇತ್ತು. ಎಡಗಾಲಿನದರ ತಳ ಸವೆದು ತೂತಾಗಿತ್ತು, ಮುಟ್ಟಿದರೆ ಕೈ ಸುಡುತ್ತಿತ್ತು.