ಅಂಗಡಿಯಲ್ಲಿ ಮಾತ್ರ ಸರಿಯಾಗುವ ಲ್ಯಾಪ್‌ಟಾಪ್

"ಎದ್ದ ತಕ್ಷಣ ಮುಖ ನೀಲಿಗಟ್ಟುತ್ತೆ. ಏನೋ ಗೊಣಗುತ್ತೆ. ಆಮೇಲೆ ಪ್ರಜ್ಞೆ ತಪ್ಪಿ ಹೋಗುತ್ತೆ..."

ಅಂಗಡಿಯ ಬಾಗಿಲಲ್ಲಿ ನಿಂತಿದ್ದ ಆತ ಎದೆಗವಚಿಕೊಂಡ ಟವೆಲ್ ಗಂಟನ್ನು ಮೆಲ್ಲನೆ ತಟ್ಟುತ್ತಾ ಹೇಳಿದ.

ಕೌಂಟರಿನಲ್ಲಿ ಪೇಪರ್ ಓದುತ್ತಿದ್ದ ಅತ್ತೆ ದಡಕ್ಕನೆ ಎದ್ದು ನಿಂತರು. "ಅಯ್ಯೋ, ಮಗೂನ ಇಲ್ಲಿಗ್ಯಾಕಪ್ಪ ತಂದೆ? ಮೊದಲು ಆಸ್ಪತ್ರೆಗೆ ಓಡು."

"ಮಗು ಅಲ್ಲಮ್ಮ. ಲ್ಯಾಪ್‌ಟಾಪ್."

ಒಳಗೆ ರಿಪೇರಿ ಮೇಜಿನ ಮುಂದೆ ಕೂತಿದ್ದ ಪುಟ್ಟಿಗೆ ನಗು ತಡೆಯಲಾಗಲಿಲ್ಲ. ಹಲ್ಲಿನ ನಡುವೆ ಕಚ್ಚಿಕೊಂಡಿದ್ದ ಸ್ಕ್ರೂಡ್ರೈವರ್ ನೆಲಕ್ಕೆ ಬಿತ್ತು. ಎತ್ತಿಕೊಳ್ಳಲು ಬಗ್ಗಿ ಮೇಲೇಳುವಾಗ ಮೇಜಿನ ದೀಪಕ್ಕೆ ಹಣೆ ಹೊಡೆದು, ಕಣ್ಣಲ್ಲಿ ನೀರು ಬಂತು.

ಆತ ಎರಡೇ ಹೆಜ್ಜೆಯಲ್ಲಿ ಒಳಗೆ ಬಂದ. ಗಂಟನ್ನು ಮೇಜಿನ ಮೇಲಿಟ್ಟು, ಅವಳ ಗಲ್ಲ ಹಿಡಿದೆತ್ತಿ, ಮೊದಲು ಬಲಗಣ್ಣನ್ನೂ ಆಮೇಲೆ ಎಡಗಣ್ಣನ್ನೂ ಹತ್ತಿರದಿಂದ ನೋಡಿದ. ಬೆಚ್ಚಗಿನ, ಅವಸರವಿಲ್ಲದ ಕೈ. ಪುಟ್ಟಿಗೆ ಉಸಿರಾಡುವುದು ಹೇಗೆಂಬುದೇ ಮರೆತುಹೋಯಿತು.

"ಏನೂ ಆಗಿಲ್ಲ. ಜಾಣೆ, ಜಾಣೆ," ಎಂದು ಅವಳ ತಲೆ ಸವರಿದ.

ಮರುಕ್ಷಣ ತಾನು ಮಾಡುತ್ತಿರುವುದೇನು ಎಂಬುದು ಹೊಳೆದು, ಬಿಸಿ ಪಾತ್ರೆ ಮುಟ್ಟಿದವನಂತೆ ಕೈ ಹಿಂದೆಗೆದುಕೊಂಡ. ಕಿವಿಯ ತುದಿಯವರೆಗೂ ಕೆಂಪೇರಿತು.

"ಕ್ಷಮಿಸಿ. ಅಭ್ಯಾಸ ಬಲ. ನಾನು ಪ್ರಾಣಿಗಳ ಡಾಕ್ಟರು..."

'ಮೂವತ್ತು ದಾಟಿದ ಮೇಲೆ ಮೊದಲ ಸಲ ಒಬ್ಬ ಗಂಡಸು ಕಣ್ಣಲ್ಲಿ ಕಣ್ಣಿಟ್ಟು ನೋಡಿದ. ಅದೂ ನಾಯಿ ಅಂತ ತಿಳಿದು!' ಪುಟ್ಟಿ ಮನಸ್ಸಿನಲ್ಲೇ ಹಲ್ಲು ಕಡಿದಳು. ಬಾಯಲ್ಲಿ ಮಾತ್ರ, "ಲ್ಯಾಪ್‌ಟಾಪ್ ಬಿಚ್ಚಿ," ಎಂದಳು.

ಆ ಬೀದಿಯಲ್ಲಿ ಕೆಟ್ಟ ಲ್ಯಾಪ್‌ಟಾಪು, ಕಂಪ್ಯೂಟರುಗಳೆಲ್ಲ ಕೊನೆಗೆ ಬರುತ್ತಿದ್ದದ್ದು ಪುಟ್ಟಿಯ ಕೈಗೇ. ಅವಳು ಚಿಕ್ಕವಳಿದ್ದಾಗ ಆಟಿಕೆಗಳನ್ನು ಬಿಚ್ಚಿಟ್ಟು ಬೈಸಿಕೊಳ್ಳುತ್ತಿದ್ದಳು. ಆಗ ಪಕ್ಷ ವಹಿಸುತ್ತಿದ್ದವರು ಅಪ್ಪನ ತಂಗಿ ಈ ಅತ್ತೆ ಒಬ್ಬರೇ. ಈಗ ಅಂಗಡಿಯ ಕೌಂಟರ್ ಅತ್ತೆಯದು, ಮೇಜು ಅವಳದು. ಎರಡು ಸಲಕ್ಕಿಂತ ಹೆಚ್ಚು ಬಂದ ಗಂಡಸರನ್ನೆಲ್ಲ ಅತ್ತೆ ವರನ ಲೆಕ್ಕಕ್ಕೆ ಸೇರಿಸುತ್ತಿದ್ದರು. ಹಾಲು, ಪೇಪರು ತಂದುಕೊಡುವವರಿಗೆ ಮಾತ್ರ ರಿಯಾಯಿತಿ.

ಪುಟ್ಟಿ ಲ್ಯಾಪ್‌ಟಾಪಿನ ತಳ ಬಿಚ್ಚಿದಳು. ಫ್ಯಾನಿನೊಳಗಿಂದ ಎಳೆದಷ್ಟೂ ಕೂದಲು. ಬಿಳಿ, ಕಂದು, ಬೂದು.

"ಇಷ್ಟರಲ್ಲಿ ಒಂದು ಬೆಕ್ಕಿನ ಮರಿ ಮಾಡಬಹುದು," ಎಂದಳು.

"ಬಾಲದ ಬಣ್ಣ ಹೊಂದಲ್ಲ," ಎಂದ ಅವನು ಗಂಭೀರವಾಗಿ.

ಅವಳು ತಲೆ ತಗ್ಗಿಸಿ ನಗು ನುಂಗಿಕೊಂಡಳು. ಮೆಮೊರಿ ಚಿಪ್ ತೆಗೆದು, ಅದರ ಅಂಚನ್ನು ರಬ್ಬರಿನಿಂದ ಉಜ್ಜಿ, ಮತ್ತೆ ಕೂರಿಸಿದಳು. ಬಟನ್ ಒತ್ತಿದಳು. ಲ್ಯಾಪ್‌ಟಾಪ್ ಒಳ್ಳೆಯ ಮಗುವಿನ ಹಾಗೆ ಎದ್ದು ಕೂತಿತು.

ಅವನ ಮುಖ ಅರಳಿದ್ದು ನೋಡಿ ಅವಳಿಗೂ ಏನೋ ಖುಷಿ.

ಮಾರನೆಯ ದಿನ ಅಂಗಡಿಯ ಬಾಗಿಲು ತೆಗೆಯುವಷ್ಟರಲ್ಲಿ ಅವನು ಅಲ್ಲೇ ನಿಂತಿದ್ದ. ಅದೇ ಟವೆಲ್ ಗಂಟು.

"ಕ್ಲಿನಿಕ್‌ಗೆ ಹೋಗಿ ಆನ್ ಮಾಡಿದೆ. ಮತ್ತೆ ನೀಲಿ."

ಪುಟ್ಟಿ ಬಟನ್ ಒತ್ತಿದಳು. ನೀಲಿಯೂ ಇಲ್ಲ, ಗೊಣಗಾಟವೂ ಇಲ್ಲ.

"ನಿಮ್ಮ ಮುಂದೆ ನಾಟಕ ಆಡುತ್ತೆ ಇದು," ಎಂದ ಅವನು, ದೂರು ಹೇಳುವ ಮಗುವಿನ ಹಾಗೆ. "ಕೆಲವು ನಾಯಿಗಳೂ ಹೀಗೇ. ಮನೇಲೆಲ್ಲ ಕುಂಟ್ತಾವೆ, ನನ್ನನ್ನ ಕಂಡ ತಕ್ಷಣ ಓಡಾಡ್ತಾವೆ."

ಅವಳು ಎಲ್ಲವನ್ನೂ ಅಳಿಸಿ ಹೊಸದಾಗಿ ಸಾಫ್ಟ್‌ವೇರ್ ಹಾಕತೊಡಗಿದಳು. ಅದಕ್ಕೆ ಹೊತ್ತು ಹಿಡಿಯುತ್ತದೆ. ಅವನು ಸ್ಟೂಲ್ ಮೇಲೆ ಕೂತು ತನ್ನ ರೋಗಿಗಳ ಕಥೆ ಹೇಳಿದ. ನಾಯಿಗಳ ಮನೆಯಲ್ಲಿ ಬೆಳೆದು ಬೊಗಳುವುದನ್ನೇ ಕಲಿತ ಗಿಳಿ. ಮಾತ್ರೆಯನ್ನು ಕೆನ್ನೆಯಲ್ಲಿಟ್ಟುಕೊಂಡು, ಮನೆಗೆ ಹೋಗಿ ಮಾಲೀಕನ ಚಪ್ಪಲಿಯೊಳಗೆ ಉಗುಳುವ ಬೆಕ್ಕು. ಪುಟ್ಟಿ ನಕ್ಕೂ ನಕ್ಕೂ ಒಂದು ಸ್ಕ್ರೂ ಎಲ್ಲಿಟ್ಟೆನೆಂದು ಮರೆತಳು. ಅತ್ತೆ ಪೇಪರನ್ನು ತಲೆಕೆಳಗಾಗಿ ಹಿಡಿದು ಓದುತ್ತಿದ್ದರು.

ಅವನು ಹೋದ ಮೇಲೆ ಅತ್ತೆ ಬಾಯಿ ಬಿಟ್ಟರು. "ಲ್ಯಾಪ್‌ಟಾಪ್‌ಗೆ ಏನೂ ಆಗಿಲ್ಲ ಕಣೇ. ಆಗಿರೋದು ಡಾಕ್ಟ್ರಿಗೆ."

"ಸುಮ್ನಿರತ್ತೆ."

ಅತ್ತೆ ಸುಮ್ಮನಾದರು. ಪುಟ್ಟಿಯ ಮನಸ್ಸು ಸುಮ್ಮನಾಗಲಿಲ್ಲ.

ಯಾಕೆಂದರೆ ಹಿಂದೊಬ್ಬ ಹೀಗೇ ಬರುತ್ತಿದ್ದ. ವಾರಕ್ಕೊಂದು ನೆಪ, ವಾರಕ್ಕೊಂದು ಹೊಗಳಿಕೆ. 'ನಿಮ್ಮ ಬೆರಳಲ್ಲಿ ಜಾದೂ ಇದೆ' ಎನ್ನುತ್ತಿದ್ದ. ಅವಳು ನಂಬಿದ್ದಳು. ಕನ್ನಡಿಯ ಮುಂದೆ ನಿಲ್ಲುವ ಹೊತ್ತು ಜಾಸ್ತಿಯಾಗಿತ್ತು. ಕೊನೆಗೊಂದು ದಿನ ಅವನು ತನ್ನ ಮದುವೆಯ ಕರೆಯೋಲೆ ಕೊಟ್ಟು, 'ಹುಡುಗಿಯ ಲ್ಯಾಪ್‌ಟಾಪೂ ಸ್ವಲ್ಪ ನಿಧಾನ, ನೋಡ್ತೀರಾ?' ಎಂದು ಕೇಳಿದ್ದ. ಪುಟ್ಟಿ ಅದನ್ನೂ ರಿಪೇರಿ ಮಾಡಿಕೊಟ್ಟಿದ್ದಳು. ಹಾಲು ಕುಡಿದು ಬಾಯಿ ಸುಟ್ಟುಕೊಂಡವಳು ಅಂದಿನಿಂದ ಮಜ್ಜಿಗೆಯನ್ನೂ ಊದಿ ಕುಡಿಯುತ್ತಿದ್ದಳು.

ಮೂರನೆಯ ಸಲ ಅವನು ಬಂದಾಗ ಅಂಗಡಿ ತುಂಬ ಜನ. ಬೀದಿಯ ತಿರುವಿನಲ್ಲಿ ಟವೆಲ್ ಕಂಡ ಕೂಡಲೇ ತನ್ನ ಎದೆ ಹಾರಿದ್ದು ಅವಳಿಗೆ ಗೊತ್ತಾಯಿತು. ಅದೇ ಅವಳನ್ನು ಹೆದರಿಸಿತು.

"ಮತ್ತೆ... ನೀಲಿ," ಎಂದ ಅವನು. ಈ ಸಲ ಅವಳ ಕಣ್ಣು ತಪ್ಪಿಸಿ, ಗೋಡೆಯ ಮೇಲಿನ ಕೇಬಲ್‌ಗಳಿಗೆ ಹೇಳಿದ.

ಅವಳು ಆನ್ ಮಾಡಿದಳು. ಲ್ಯಾಪ್‌ಟಾಪ್ ಸರಿಯಾಗಿತ್ತು. ಮತ್ತೆ ಮಾಡಿದಳು. ಸರಿಯಾಗಿಯೇ ಇತ್ತು.

"ಡಾಕ್ಟ್ರೇ, ಇಲ್ಲಿ ಕೆಟ್ಟಿರೋ ಮಷೀನ್‌ಗಳೇ ಸಾಲುಗಟ್ಟಿ ನಿಂತಿವೆ. ಚೆನ್ನಾಗಿರೋದನ್ನ ಹೊತ್ಕೊಂಡು ಬಂದು ಹರಟೆ ಹೊಡೆಯೋಕೆ ಇದು ಪಾರ್ಕ್ ಅಲ್ಲ. ನಿಮಗೆ ಹೊತ್ತು ಹೋಗದಿದ್ರೆ ಬೇರೆ ಯಾರನ್ನಾದ್ರೂ ಹುಡುಕ್ಕೊಳ್ಳಿ."

ಪ್ರಿಂಟರ್ ತಂದಿದ್ದವರೊಬ್ಬರು ಅದನ್ನು ಕೈಯಲ್ಲಿ ಹಿಡಿದೇ ನಿಂತುಬಿಟ್ಟರು.

ಅವನು ವಾದಿಸಲಿಲ್ಲ. ಮುಖ ಮಾತ್ರ ಕುಂಕುಮವಾಯಿತು. "ತಪ್ಪಾಯ್ತು," ಎಂದು ಲ್ಯಾಪ್‌ಟಾಪನ್ನು ಟವೆಲಿನಲ್ಲಿ ಸುತ್ತಿಕೊಂಡು ಹೊರಟುಹೋದ. ಚಾರ್ಜರ್ ಮೇಜಿನ ಮೇಲೇ ಉಳಿಯಿತು.

ಆಮೇಲೆ ಅವನು ಬರಲಿಲ್ಲ.

'ಸುಳ್ಳಾಗಿದ್ದರೆ ಏನಾದರೂ ಸಮರ್ಥನೆ ಕೊಡುತ್ತಿದ್ದ. ಪಾಪ, ತಪ್ಪಾಯ್ತು ಅಂದದ್ದು ಬಿಟ್ಟರೆ ಒಂದು ಮಾತೂ ಆಡಲಿಲ್ಲ...' ಪುಟ್ಟಿಗೆ ಅನ್ನ ರುಚಿಸಲಿಲ್ಲ. ಯಾವ ಮಷೀನನ್ನೂ ಬಿಚ್ಚಿ ನೋಡದೆ 'ಕೆಟ್ಟಿಲ್ಲ' ಎಂದು ವಾಪಸ್ ಕಳಿಸಿದವಳಲ್ಲ ಅವಳು. ಕ್ಲಿನಿಕ್‌ನಲ್ಲಿ ಏನಾಗುತ್ತದೆಂದು ಅವನು ಹೇಳುತ್ತಲೇ ಇದ್ದ. ಅವಳು ಹೋಗಿ ನೋಡಿರಲಿಲ್ಲ.

"ಆ ಚಾರ್ಜರ್ ಇಲ್ಲೇ ಬಿದ್ದಿದೆ," ಎಂದರು ಅತ್ತೆ, ಕನ್ನಡಕ ಒರೆಸುತ್ತಾ. "ಅಲ್ಲಿ ಲ್ಯಾಪ್‌ಟಾಪ್ ಉಪವಾಸ. ಇಲ್ಲಿ ನೀನು ಉಪವಾಸ. ಇಬ್ಬರಲ್ಲಿ ಒಬ್ಬರಾದ್ರೂ ಬದುಕ್ಲಿ, ಹೋಗಿ ಕೊಟ್ಟು ಬಾ."

"ನಾಯಿ ಇರುತ್ತೆ ಅಲ್ಲಿ."

"ಪ್ರಾಣಿ ಡಾಕ್ಟ್ರ ಹತ್ರ ನಾಯಿ ಇರದೆ ಏನು, ಕಾರ್ ಇರುತ್ತಾ? ನಡಿ."

ಕ್ಲಿನಿಕ್‌ನಲ್ಲಿ ಗೋಡೆಗುಂಟ ಒಂದು ಬೆಂಚು, ಫಿನಾಯಿಲ್ ವಾಸನೆ. ಕರು ಗಾತ್ರದ ನಾಯಿಯೊಂದು ತನ್ನ ಮಾಲೀಕನನ್ನು ಬಿಟ್ಟು ಪುಟ್ಟಿಯ ಬಳಿ ಬಂದು, ಅವಳ ಪಾದದ ಮೇಲೆ ತಲೆಯಿಟ್ಟು ಮಲಗಿತು. ಅವಳು ಕಲ್ಲಾದಳು. ಪಕ್ಕದಲ್ಲಿ ಬುಟ್ಟಿ ಹಿಡಿದಿದ್ದ ಅಜ್ಜಿ ವಿಶ್ವಾಸದಿಂದ ಕೇಳಿದರು.

"ನನ್ನದು ಬೆಕ್ಕಮ್ಮ. ನಿನ್ನದು?"

"ಚಾರ್ಜರು," ಎಂದಳು ಪುಟ್ಟಿ, ತುಟಿ ಅಲುಗಿಸದೆ.

ಅಜ್ಜಿ ಅನುಕಂಪದಿಂದ ತಲೆಯಾಡಿಸಿದರು.

ಅವಳ ಸರದಿ ಬಂತು. ಒಳಗೆ ಅವನು ಬಿಳಿ ಕೋಟು ಹಾಕಿ ಕೈ ತೊಳೆಯುತ್ತಿದ್ದ. ತಿರುಗಿ ನೋಡಿದವನ ಕೈಯಿಂದ ಸೋಪು ಜಾರಿತು.

"ನೀವು..."

"ಚಾರ್ಜರ್ ಬಿಟ್ಟು ಬಂದಿದ್ರಿ." ದಾರಿಯುದ್ದಕ್ಕೂ ಉರು ಹೊಡೆದಿದ್ದ ಮಾತುಗಳೆಲ್ಲ ಕೈಕೊಟ್ಟವು. "ಮತ್ತೆ... ಅವತ್ತು ಎಲ್ಲರ ಮುಂದೆ ಹಾಗೆ ಮಾತಾಡಬಾರದಿತ್ತು. ನೀವು ಹೇಳಿದ್ದನ್ನ ನಾನು ಪರೀಕ್ಷೆ ಮಾಡ್ಲೇ ಇಲ್ಲ. ಇಲ್ಲೇ ಆನ್ ಮಾಡಿ, ನೋಡ್ತೀನಿ."

"ಬೇಡ ಬಿಡಿ, ಪರವಾಗಿಲ್ಲ."

"ಮಾಡಿ ಅಂದೆನಲ್ಲ."

ಮೂಲೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ಇತ್ತು. ಪುಟ್ಟಿ ತಂದಿದ್ದ ಚಾರ್ಜರನ್ನು ಅದಕ್ಕೆ ಸಿಕ್ಕಿಸಿದಳು. ಪಕ್ಕದಲ್ಲೊಂದು ಮೈಕ್ರೋಸ್ಕೋಪು. ಅದರ ನೆತ್ತಿಗೆ ಬಿಗಿದ ಪುಟ್ಟ ಕ್ಯಾಮೆರಾದಿಂದ ಒಂದು ವೈರು ಬಂದು ಲ್ಯಾಪ್‌ಟಾಪಿಗೆ ಸೇರಿತ್ತು. ಅವನು ಬಟನ್ ಒತ್ತಲು ಹೋದ. ಒತ್ತುವ ಮೊದಲು ಅವನ ಇನ್ನೊಂದು ಕೈ ತಾನೇ ತಾನಾಗಿ ಹೋಗಿ ಆ ವೈರನ್ನು ಎಳೆಯತೊಡಗಿತು.

"ನಿಲ್ಲಿ," ಎಂದಳು ಪುಟ್ಟಿ. "ಅದನ್ನ ಯಾಕೆ ತೆಗೀತಿದ್ದೀರಿ?"

"ಅದು... ಸುಮ್ನೆ..."

"ಅದು ಇದ್ದ ಹಾಗೇ ಇರ್ಲಿ. ಒತ್ತಿ."

ಅವನು ಒತ್ತಿದ. ಪರದೆ ಒಂದು ಕ್ಷಣ ಮಿನುಗಿ ಕಡುನೀಲಿಯಾಯಿತು. ಬಿಳಿ ಅಕ್ಷರಗಳು ಕ್ಷಮೆ ಕೇಳುತ್ತಾ ಸಾಲಾಗಿ ನಿಂತವು. ಆಮೇಲೆ ಕತ್ತಲು.

ಪುಟ್ಟಿಗೆ ಕುಣಿಯುವಷ್ಟು ಸಂತೋಷ. ಅವನು ಸುಳ್ಳು ಹೇಳಿರಲಿಲ್ಲ! ವೈರು ಕಿತ್ತು ಮತ್ತೆ ಒತ್ತಿದಳು. ಲ್ಯಾಪ್‌ಟಾಪ್ ನೆಟ್ಟಗೆ ಎದ್ದಿತು.

"ನೋಡಿ, ಈ ಕ್ಯಾಮೆರಾದ ಸಾಫ್ಟ್‌ವೇರ್ ಹಳೇದು. ನಾನು ಎಲ್ಲ ಅಳಿಸಿದ ಮೇಲೂ ನೀವು ಅದನ್ನೇ ಮತ್ತೆ ಹಾಕಿದ್ದೀರಿ. ಏಳುವಾಗ್ಲೇ ಇದರ ವೈರು ಸಿಕ್ಕಿಸಿದ್ರೆ ಲ್ಯಾಪ್‌ಟಾಪ್ ಗಾಬರಿಯಾಗುತ್ತೆ. ಅಂಗಡೀಲಿ ಕ್ಯಾಮೆರಾ ಇರಲಿಲ್ಲ, ಅದಕ್ಕೇ ಸುಮ್ಮನಿತ್ತು. ಹೊಸ ಸಾಫ್ಟ್‌ವೇರ್ ಹಾಕಿದ್ರೆ..."

ಮಾತು ಅರ್ಧಕ್ಕೇ ನಿಂತಿತು. ಅವಳ ಕಣ್ಣು ವೈರಿನಿಂದ ಅವನ ಕೈಗೆ, ಕೈಯಿಂದ ಮುಖಕ್ಕೆ ಹೋಯಿತು.

"ವೈರು ತೆಗೆದು ಆನ್ ಮಾಡ್ಬೇಕು ಅಂತ ನಿಮಗೆ ಮೊದಲೇ ಗೊತ್ತಿತ್ತು."

ಅವನು ನೆಲ ನೋಡಿದ.

"ಯಾವಾಗಿಂದ?"

"ಮೂರನೇ ಸಲ ನಿಮ್ಮ ಅಂಗಡಿಗೆ ಬಂದೆನಲ್ಲ... ಅದರ ಹಿಂದಿನ ದಿನದಿಂದ. ಮೇಜು ಒರೆಸೋವಾಗ ವೈರು ಕಿತ್ತು ಬಂತು. ಲ್ಯಾಪ್‌ಟಾಪ್ ಸರಿಹೋಯ್ತು. ನನಗೆ ಮಾತ್ರ ತುಂಬ ಬೇಜಾರಾಯ್ತು."

"ಸರಿಹೋದ್ರೆ ಬೇಜಾರಾ?"

"ಇನ್ನು ನಿಮ್ಮ ಹತ್ರ ಬರೋಕೆ ಕಾರಣ ಇಲ್ಲವಲ್ಲ ಅಂತ."

ಹೊರಗೆ ನಾಯಿ ಒಮ್ಮೆ ಬೊಗಳಿತು.

"ಅಂದ್ರೆ... ಅವತ್ತು ನಾನು ಬೈದಿದ್ದು ಸರಿಯಾಗೇ ಇತ್ತು."

"ಅಕ್ಷರಶಃ ಸರಿ. ಅದಕ್ಕೇ ಬಾಯಿ ಮುಚ್ಕೊಂಡು ಬಂದೆ."

"ಮತ್ತೆ ನಾನು ಇಷ್ಟು ದಿನ ನಿದ್ದೆಗೆಟ್ಟು, ಆ ಕರುವಿನಂಥ ನಾಯೀನ ಕಾಲ ಮೇಲೆ ಹೊತ್ಕೊಂಡು, ಕ್ಷಮೆ ಕೇಳೋಕೆ ಬಂದಿದ್ದು?"

"ನಿದ್ದೆಗೆಟ್ಟಿದ್ರಾ?" ಅವನ ಕಣ್ಣು ಹೊಳೆಯಿತು. "ನಿಜವಾಗ್ಲೂ?"

ಪುಟ್ಟಿ ನಾಲಿಗೆ ಕಚ್ಚಿಕೊಂಡಳು. ಆದರೆ ಕೇಳಲೇಬೇಕಾದ ಮಾತೊಂದಿತ್ತು. ಈಗ ಕೇಳದಿದ್ದರೆ ಮತ್ತೊಮ್ಮೆ ಬಾಯಿ ಸುಡುತ್ತದೆ.

"ನಿಮಗೆ ಮದುವೆ ಗೊತ್ತಾಗಿದೆಯಾ?"

"ನನಗಾ?" ಅವನು ನಿಜಕ್ಕೂ ಗಾಬರಿಯಾದ. "ಯಾರ ಜೊತೆ? ಯಾರು ಹೇಳಿದ್ರು?"

ಅವಳಿಗೆ ನಗುವೂ ಅಳುವೂ ಒಟ್ಟಿಗೇ ಬಂದವು. ಅವನು ಒಂದು ಹೆಜ್ಜೆ ಹತ್ತಿರ ಬಂದ. ಏನೋ ಹೇಳಲು ಬಾಯಿ ತೆರೆದ...

ಬಾಗಿಲು ತೆರೆದುಕೊಂಡಿತು. ಬುಟ್ಟಿಯ ಅಜ್ಜಿ. "ಡಾಕ್ಟ್ರೇ, ಚಾರ್ಜರ್ ನೋಡಿದ್ದು ಸಾಕು. ನನ್ನ ಬೆಕ್ಕಿನ ಸರದಿ ಯಾವಾಗ?"

ಬೆಕ್ಕು ಮೇಜಿಗೇರಿತು. ಇಂಜೆಕ್ಷನ್ ಕಂಡದ್ದೇ ತಡ ಉಗುರು ಹೊರಬಂತು. ಅಜ್ಜಿಗೆ ಕೈ ನಡುಕ, ಹಿಡಿಯಲಾಗದು. ಅವನು ಪುಟ್ಟಿಯ ಕಡೆ ನೋಡಿದ.

"ಸ್ವಲ್ಪ ಹಿಡ್ಕೋತೀರಾ?"

"ನನಗೆ ಭಯ."

"ಅದಕ್ಕೂ ಭಯಾನೇ." ಅವನು ಅವಳ ಕೈಯನ್ನು ಬೆಕ್ಕಿನ ಹೆಗಲ ಮೇಲಿಟ್ಟು, ಮೇಲೆ ತನ್ನ ಕೈಯಿಟ್ಟ. "ಗಟ್ಟಿಯಾಗಿ ಅದುಮಬೇಡಿ. ಬಿಡಲೂಬೇಡಿ. ನೀವು ಇದ್ದೀರಿ ಅಂತ ಗೊತ್ತಾದ್ರೆ ಸಾಕು, ಸುಮ್ಮನಾಗುತ್ತೆ."

"ಎಷ್ಟು ಹೊತ್ತು ಹೀಗೆ?"

"ನಿಮಗೆ ಬೇಜಾರಾಗೋವರೆಗೆ." ಅವನ ದನಿ ತಗ್ಗಿತು. "ನಾನಂತೂ ಬೇಡ ಅನ್ನಲ್ಲ. ಇಂಥದ್ದನ್ನೆಲ್ಲ ಹೇಗೆ ಹೇಳ್ಬೇಕು ಅಂತ ಗೊತ್ತಿಲ್ಲ ನನಗೆ. ಮಾತು ಬರದವರ ಜೊತೆಗೇ ದಿನ ಕಳೀತೀನಿ. ನೀವಂದ್ರೆ ಇಷ್ಟ. ಅಷ್ಟೇ."

ಪುಟ್ಟಿ ಬೆಕ್ಕನ್ನೇ ನೋಡುತ್ತಾ ನಿಂತಳು. ಬೆಕ್ಕು ಅವಳನ್ನೇ ನೋಡಿತು.

"ನನಗೂ," ಎಂದಳು. ಬೆಕ್ಕಿಗೆ ಹೇಳಿದಷ್ಟು ಮೆಲ್ಲಗೆ. ಆದರೆ ಕೇಳಬೇಕಾದವನಿಗೆ ಕೇಳಿಸಿತು.

"ಡಾಕ್ಟ್ರೇ," ಎಂದರು ಅಜ್ಜಿ, "ಸೂಜಿ ಚುಚ್ಚಿ ಆಗ್ಲೇ ಎಷ್ಟು ಹೊತ್ತಾಯ್ತು. ನನ್ನ ಬೆಕ್ಕು ನನಗೆ ಕೊಡಿ, ಆಮೇಲೆ ಎಷ್ಟು ಬೇಕಾದ್ರೂ ಕೈ ಹಿಡ್ಕೊಂಡು ನಿಂತ್ಕೊಳ್ಳಿ."

ಬೆಕ್ಕು ಬುಟ್ಟಿ ಸೇರಿತು. ಅಜ್ಜಿ ನಗುತ್ತಾ ಬಾಗಿಲೆಳೆದುಕೊಂಡು ಹೋದರು. ಮೇಜಿನ ಮೇಲೆ ಈಗ ಹಿಡಿದುಕೊಳ್ಳಲು ಯಾವ ಪ್ರಾಣಿಯೂ ಇರಲಿಲ್ಲ. ಆದರೂ ಅವನ ಕೈ ಅವಳ ಕೈಯ ಮೇಲೆ ಹಾಗೇ ಇತ್ತು.

"ನಾಳೆ ಅಂಗಡಿಗೆ ಬರ್ಲಾ?" ಕೇಳಿದ.

"ಏನು ಕೆಟ್ಟಿದೆ?"

"ಏನೂ ಕೆಟ್ಟಿಲ್ಲ."

"ಹಾಗಾದ್ರೆ," ಎಂದಳು ಪುಟ್ಟಿ, "ಬೇಗ ಬನ್ನಿ."